ಊಟದ ಗಂಟೆಯ ಹೊತ್ತಿನ ನಿದ್ದೆ

ಮನುಷ್ಯ ಕೊನೆಗಾಲವನ್ನು ಎಲ್ಲಿ ಕಳೆಯಬೇಕೆಂಬುದು ಬಹು ಗಹನವಾದ ಪ್ರಶ್ನೆ. ಹಿಂದಿನವರು ಅದಕ್ಕೆ ಕಾಶಿಯೆಂದು ಉತ್ತರ ಕೊಟ್ಟಿದ್ದಾರೆ. ನಮ್ಮ ಎದುರುಮನೆಯ ನಿವೃತ್ತ ಹೆಡ್‌ಮಿಸ್ಟ್ರೆಸ್ಸಮ್ಮನವರಿಗೆ ಕಾಶಿಯ ನೀರು ಹಿಡಿಸುತ್ತಿರಲಿಲ್ಲ.

ಬಾಗಿಲು ದಾಟುವಾಗ ತಲೆ ತಗ್ಗಿಸಲೇಬೇಕಾದಷ್ಟು ಎತ್ತರದ ಹೆಂಗಸು. ಬಲಗೈಗೆ ಗಂಡಸರ ಗಡಿಯಾರ, ಎಡಗೈಯಲ್ಲಿ ಬೇಸಿಗೆಯಲ್ಲೂ ಕೊಡೆ. ಮದುವೆ ಏಕಾಗಲಿಲ್ಲವೆಂದು ಕೇಳಿದವರಿಗೆ, "ಪುರುಸೊತ್ತಾಗಲಿಲ್ಲ ಕಣ್ರೀ" ಎನ್ನುತ್ತಿದ್ದರು. ಭಾನುವಾರ ನಮ್ಮಲ್ಲಿ ಕಾಫಿ ಕುಡಿದು, ಪತ್ರಿಕೆಯ ಅಚ್ಚಿನ ತಪ್ಪುಗಳನ್ನು ಕೆಂಪು ಪೆನ್ಸಿಲಿನಿಂದ ತಿದ್ದಿಕೊಟ್ಟ ಮೇಲೆ ನಮಗೆ ಓದಲು ಅಪ್ಪಣೆ.

ಐವತ್ತರ ದಶಕದ ಒಂದು ಚಳಿಗಾಲ ಅವರಿಗೆ ಜ್ವರ ಬಂತು. ಎರಡು ದಿನ ಬಾಗಿಲು ತೆರೆಯಲಿಲ್ಲ. ನಂಜನಗೂಡಿಗೆ ಹೋಗಿರಬೇಕೆಂದು ಇಡೀ ಬೀದಿ ಒಮ್ಮತದಿಂದ ತೀರ್ಮಾನಿಸಿತ್ತು. ಕೊನೆಗೆ ಗೋಡೆ ಹಿಡಿದುಕೊಂಡು ಅವರೇ ಹೊರಗೆ ಬಂದರು. ಯಾರನ್ನೂ ದೂರಲಿಲ್ಲ. ಗುಣವಾದ ಮೇಲೆ, ಆಗ ಗುಮಾಸ್ತನಾಗಿದ್ದ ನನ್ನನ್ನು ಕರೆದು, "ಸಾಯೋಕೆ ಭಯವಿಲ್ಲಪ್ಪ. ಸತ್ತಿದ್ದು ಯಾರಿಗೂ ಗೊತ್ತಾಗದೆ ಇರೋದು ಅಸಹ್ಯ. ವಯಸ್ಸಾದವರು ಒಟ್ಟಿಗಿರೋ ಕಡೆ ಊರಲ್ಲಿ ಎರಡಿವೆಯಂತೆ. ಟಾಂಗಾ ಕರಿ" ಎಂದರು.

ಮೊದಲನೆಯದು ಯಾದವಗಿರಿಯಲ್ಲಿ, ಧರ್ಮಿಷ್ಠರೊಬ್ಬರು ಬಿಟ್ಟುಹೋದ ಬಂಗಲೆ. ಕ್ರೋಟನ್ ಕುಂಡಗಳು, ಹೊಳೆಯುವ ಕೆಂಪು ನೆಲ, ಪಿಸುಮಾತು. ವ್ಯವಸ್ಥಾಪಕರು ಊಟಕ್ಕೆ ನಿಲ್ಲಲೇಬೇಕೆಂದರು. ನಾನು ಮನಸ್ಸಿನಲ್ಲೇ ಅಮ್ಮನವರ ಟ್ರಂಕನ್ನು ಅಲ್ಲಿ ಇಳಿಸಿಬಿಟ್ಟಿದ್ದೆ. ಹೆಡ್‌ಮಿಸ್ಟ್ರೆಸ್ಸಮ್ಮ ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು. "ನೀನು ಆ ಕಡೆ ಇರು. ಎಬ್ಬಿಸಬೇಡ."

ಗಂಟೆ ಹೊಡೆಯಿತು. ಅಲ್ಲಿನ ವೃದ್ಧರು ಒಬ್ಬೊಬ್ಬರಾಗಿ ಅವರ ಚಾಚಿದ ಕಾಲನ್ನು ಸುತ್ತಿ ಊಟಕ್ಕೆ ಹೋದರು. ಸದ್ದಾಗದಂತೆ, ಬಹಳ ಮರ್ಯಾದೆಯಿಂದ.

"ನಮ್ಮ ಬೀದಿ ಥರಾನೇ ಇದೆ. ಹೂಕುಂಡ ಜಾಸ್ತಿ" ಎಂದು ಟಾಂಗಾ ಹತ್ತಿದರು.

ಮಾರನೆಯ ದಿನ ನೋಡಿದ ಎರಡನೆಯದು ನಜರ್‌ಬಾದಿನಲ್ಲಿ, ಮಠದವರು ನಡೆಸುತ್ತಿದ್ದ ಹಳೆಯ ಛತ್ರ. ಗೋಡೆ ಸುಣ್ಣ ಕಂಡು ಎಷ್ಟು ಕಾಲವಾಗಿತ್ತೋ. ಕೊಳಾಯಿಯ ಸರದಿಗೆ ಜಗಳ ನಡೆದಿತ್ತು. ಹಜಾರದ ಬೆಂಚಿನ ಮೇಲೆ ಅವರಿಗೆ ಮತ್ತೆ ಅದೇ ಹೊತ್ತಿಗೆ ನಿದ್ದೆ ಬಂತು. ಹಲ್ಲಿಲ್ಲದ ಅಜ್ಜಿಯೊಂದು ಬಂದು ಭುಜ ಹಿಡಿದು ಅಲುಗಿಸಿತು.

"ಏಳವ್ವ, ಊಟದೊತ್ನಲ್ಲಿ ಎಂಥ ನಿದ್ದೆ. ಮುದ್ದೆ ಆರೋಯ್ತದೆ."

"ನನಗೆ ಹಸಿವಿಲ್ಲ ಕಣಮ್ಮ."

"ಅಂಗಂದ್ರೆ ಯಾರು ಬುಡ್ತಾರೆ? ವಸಿ ಮಜ್ಜಿಗೆನಾದ್ರೂ ಕುಡಿ. ಎಲ್ಲಿ, ಮೈ ಬೆಚ್ಚಗದಾ?" ಎಂದು ಅಜ್ಜಿ ಹಣೆ ಮುಟ್ಟಿ ನೋಡಿತು.

ಒಂದಿಡೀ ಹೆಣ್ಣುಮಕ್ಕಳ ಶಾಲೆಯನ್ನು ನಡುಗಿಸಿದ ಹೆಡ್‌ಮಿಸ್ಟ್ರೆಸ್ಸಮ್ಮ ಎದ್ದು ಅಜ್ಜಿಯ ಹಿಂದೆ ನಡೆದರು. ಮುದ್ದೆ ತಿಂದು ಗೊತ್ತಿದ್ದವರಲ್ಲ; ನುಂಗುವುದನ್ನು ಬಿಟ್ಟು ಶ್ರದ್ಧೆಯಿಂದ ಅಗಿಯುತ್ತ ಕೂತರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅವರೂ ನಕ್ಕರು.

ವಾಪಸು ಬರುವಾಗ, "ಆ ಗಲಾಟೆಯಲ್ಲಿ ಹೇಗಿರ್ತೀರಿ?" ಎಂದೆ.

"ಗಲಾಟೆ ಅಭ್ಯಾಸವಿದೆ ಕಣೋ. ಮುದ್ದೆ ಕಲೀಬೇಕು."

ಮುಂದಿನ ತಿಂಗಳು ಮನೆ ಖಾಲಿ ಮಾಡಿ ಅಲ್ಲಿಗೆ ಹೋದರು. ಒಂಬತ್ತು ವರ್ಷ ಇದ್ದು, ಅಲ್ಲಿಯೇ ತೀರಿಕೊಂಡರು.