ಬಚ್ಚಲುಮನೆಯ ಬೆಗೋನಿಯಾ

ನಮ್ಮ ಮನೆಯ ಅತ್ಯಂತ ಚೆಂದದ ವಸ್ತು ಇರುವುದು ಬಚ್ಚಲುಮನೆಯಲ್ಲಿ. ಹೇಳಿಕೊಳ್ಳಲು ನಾಚಿಕೆಯೇ. ಏನು ಮಾಡುವುದು, ಬೆಗೋನಿಯಾ ಗಿಡಕ್ಕೆ ಹಿಡಿಸಿದ್ದು ಆ ಜಾಗ.

ಮೆಲ್ಕಾರಿನ ನರ್ಸರಿಯಲ್ಲಿ ಹೂವಿನ ಬೆಗೋನಿಯಾವೂ ಇತ್ತು, ಎಲೆಯದ್ದೂ ಇತ್ತು. ಹೂವು ನಾಲ್ಕು ದಿನದ ವೈಭವ, ಎಲೆ ವರ್ಷವಿಡೀ ಇರುತ್ತದೆ ಎಂದು ದೊಡ್ಡ ತತ್ತ್ವಜ್ಞಾನಿಯ ಹಾಗೆ ಯೋಚಿಸಿ, ಬೆಳ್ಳಿ ಬಣ್ಣದ ಎಲೆಗೆ ನೇರಳೆ ಅಂಚು ಇದ್ದದ್ದನ್ನು ತಂದೆ. ಜಗಲಿಯಲ್ಲಿಟ್ಟರೆ ಬಂಟ್ವಾಳದ ಬಿಸಿಲಿಗೆ ಅಂಚು ಸುಟ್ಟಿತು. ಟಿವಿಯ ಪಕ್ಕ ಇಟ್ಟರೆ ಫ್ಯಾನಿನ ಗಾಳಿಗೆ ಮುರುಟಿತು. ಪ್ರೀತಿ ಉಕ್ಕಿ ದಿನಾ ನೀರು ಹೊಯ್ದೆ, ದಂಟು ಕೊಳೆಯತೊಡಗಿತು. ಇನ್ನು ಇದು ಹೋದ ಹಾಗೆಯೇ ಎಂದು ಬಚ್ಚಲಿನ ಕಿಟಕಿಯಲ್ಲಿಟ್ಟು ಮರೆತುಬಿಟ್ಟೆ. ಬಿಸಿನೀರಿನ ಹಬೆ, ಅರೆಬೆಳಕು, ನನ್ನ ಮರೆವು ಎಲ್ಲ ಸೇರಿ ಅದು ಅಂಗೈಯಗಲದ ಎಲೆ ಬಿಟ್ಟು ಕುಳಿತಿತು. ಕೆಲವರನ್ನು ಬೆಳೆಸುವ ದಾರಿಯೆಂದರೆ ಅವರ ಗೊಡವೆಗೆ ಹೋಗದಿರುವುದು ಎಂದು ಹೆಂಡತಿಗೆ ಹೇಳಿದೆ. ಮೊದಲು ಒದ್ದೆ ಕಾಲು ಒರೆಸಿಕೊಂಡು ಬನ್ನಿ ಎಂದಳು.

ಕಳೆದ ತಿಂಗಳು ಮಗಳನ್ನು ನೋಡಲು ಪುತ್ತಿಗೆಯಿಂದ ಗಂಡಿನ ಕಡೆಯವರು ಬಂದರು. ಹುಡುಗ ಹುಡುಗಿ ಮೊದಲೇ ಮೆಚ್ಚಿಕೊಂಡಾಗಿತ್ತು. ಬೇಕಾದದ್ದು ಹುಡುಗನ ತಾಯಿಯ ಒಪ್ಪಿಗೆ ಮಾತ್ರ. ಅದು ಸಿಗದಿದ್ದರೆ ಮಗಳ ಮುಖ ಹೇಗೆ ನೋಡುವುದು ಎಂಬುದೇ ನನ್ನ ಚಿಂತೆ. ಆ ತಾಯಿ ಬೆಲ್ಲ ನೀರು ಕುಡಿದರು, ನೀರುದೋಸೆ ತಿಂದರು, ಆದರೆ ಹೂಂ, ಊಹೂಂ ಬಿಟ್ಟು ಬೇರೆ ಮಾತಾಡಲಿಲ್ಲ. ನಾನು ಹೇಳಿದ ಜೋಕಿಗೆ ನಾನೊಬ್ಬನೇ ನಕ್ಕೆ. ಆಮೇಲೆ ಕೈ ತೊಳೆಯಲೆಂದು ಬಚ್ಚಲಿಗೆ ಹೋದವರು ಬರಲೇ ಇಲ್ಲ. ಜಾರಿ ಬಿದ್ದರೋ, ಹಲ್ಲಿ ಕಂಡಿತೋ! ಹೆಂಡತಿ ನನ್ನನ್ನು ನೋಡಿದಳು, ನಾನು ಮಗಳನ್ನು ನೋಡಿದೆ, ಮಗಳು ನೆಲ ನೋಡುತ್ತಿದ್ದಳು.

ಅಂತೂ ಹೊರಗೆ ಬಂದರು. ಮುಖ ಅರಳಿತ್ತು. ತಮ್ಮ ಮನೆಯಲ್ಲಿ ಇದೇ ಗಿಡ ಎರಡು ಸಲ ಸತ್ತಿತೆಂದೂ, ಇಲ್ಲಿ ಹೀಗೆ ಹೇಗೆ ಬಂತೆಂದೂ ಕೇಳಿದ್ದೇ ಕೇಳಿದ್ದು. ಒಂದು ಎಲೆಯ ನರಗಳನ್ನು ಅಲ್ಲಲ್ಲಿ ಸೀಳಿ ಒದ್ದೆ ಮಣ್ಣಿನ ಮೇಲೆ ಮಲಗಿಸಿದರೆ ಮರಿಗಿಡಗಳು ಏಳುತ್ತವೆ ಎಂದು ನಾನು ಉಪನ್ಯಾಸವನ್ನೇ ಬಿಗಿದೆ. ಹೆಂಡತಿ, ಎಲೆ ಯಾಕೆ, ಗಿಡದ ಚಟ್ಟಿಯನ್ನೇ ಕೊಂಡುಹೋಗಿ ಎಂದಳು.

"ಬೇಡ, ಅದು ಇಲ್ಲಿಯೇ ಇರ್ಲಿ," ಎಂದು ಅವರು ಮಗಳ ಕೈ ಹಿಡಿದರು. "ಇವಳನ್ನು ಹೇಗೂ ಕರ್ಕೊಂಡು ಹೋಗ್ತೇವೆ. ಎರಡನ್ನೂ ಕೊಂಡುಹೋದ್ರೆ ನಿಮ್ಮ ಮನೆ ಖಾಲಿ ಆಗ್ತದಲ್ಲ."

ಅಬ್ಬ, ಹೋದ ಜೀವ ಬಂದ ಹಾಗಾಯಿತು. ಕಣ್ಣು ಯಾಕೋ ತುಂಬಿತು. ಮುಖ ತೊಳೆದು ಬರುತ್ತೇನೆಂದು ಬಚ್ಚಲಿಗೆ ನಡೆದೆ. ಈ ಸಲ ಹೊರಗೆ ಬರಲು ತಡವಾದದ್ದು ನನಗೆ.