ಪೈಪು ಬಂದಿದೆ ಎಂದು ಸಾರಿದವರು

ಮೊನ್ನೆ ಹುರುಳಿ ಬಸ್ಸಾರು ಮಾಡೋಣವೆಂದು ಕಾಳು ಬೇಯಲು ಇಟ್ಟು ಮರೆತೇಬಿಟ್ಟೆ. ಮನೆ ತುಂಬ ಬೆಂದ ಹುರುಳಿಯ ವಾಸನೆ. ಮಿಕ್ಕವರಿಗೆ ಅದು ಅಡುಗೆಯ ವಾಸನೆ, ನನಗೆ ಕುದುರೆಯ ವಾಸನೆ. ಕುಣಿಗಲ್ಲಿನಲ್ಲಿ ನಮ್ಮ ಪಕ್ಕದ ಮನೆಯ ಜಟಕಾ ಮಾವ ದಿನಾ ಬೆಳಿಗ್ಗೆ ಅಂಗಳದಲ್ಲಿ ಒಲೆ ಹೂಡಿ ತಮ್ಮ ಕುದುರೆಗೆ ಹುರುಳಿ ಬೇಯಿಸುತ್ತಿದ್ದರು... ಅದು ನೆನಪಾದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ಸ್ವಂತ ಮಾವ ಅಲ್ಲ. ಅಮ್ಮ ಅವರನ್ನು ಅಣ್ಣಯ್ಯ ಅನ್ನುತ್ತಿದ್ದಳು, ಅವರು ಅಮ್ಮನನ್ನು ತಂಗ್ಯವ್ವ ಅನ್ನುತ್ತಿದ್ದರು, ಹಾಗಾಗಿ ನನಗೆ ಮಾವ. ಬಾಡಿಗೆ ಇಲ್ಲದ ಹೊತ್ತಿನಲ್ಲಿ ಅವರಿಗೆ ಸಾರುವ ಕೆಲಸ. ಟೆಂಟಿಗೆ ಹೊಸ ಸಿನಿಮಾ ಬಂದರೆ, ನಾಟಕದ ಕಂಪನಿ ಬಿಡಾರ ಹೂಡಿದರೆ, ಯಾರದಾದರೂ ಹಸು ತಪ್ಪಿಸಿಕೊಂಡರೆ, ಜಟಕಾದಲ್ಲಿ ನಿಂತು ತಗಡಿನ ತುತ್ತೂರಿಯನ್ನು ಬಾಯಿಗಿಟ್ಟು ಬೀದಿ ಬೀದಿ ಸಾರುತ್ತಿದ್ದರು.

ಅದರಲ್ಲಿ ಅವರದೇ ಒಂದು ಕ್ರಮವಿತ್ತು. ಕಂಪನಿಯವರು ಹೇಳಿದ್ದನ್ನೆಲ್ಲ ಹೇಳುವರು, ಆದರೆ ಕೊನೆಯ 'ತಪ್ಪದೆ ಬನ್ನಿ' ಎಂಬ ಮಾತನ್ನು ಮಾತ್ರ ತಾವು ಕಣ್ಣಾರೆ ನೋಡಿದ ಆಟಕ್ಕಷ್ಟೇ ಸೇರಿಸುವರು. ಊರಿಗೆಲ್ಲ ಇದು ಗೊತ್ತಿತ್ತು. ಹೆಂಗಸರು ಸೌದೆ ಒಲೆಯ ಮುಂದೆ ಕೂತೇ ಕಿವಿ ನಿಮಿರಿಸಿ, ಮಾವ ಆ ಮಾತು ಆಡಿದರೋ ಇಲ್ಲವೋ ಎಂದು ಕೇಳಿಸಿಕೊಳ್ಳುತ್ತಿದ್ದರು. ಆಡಲಿಲ್ಲವೆಂದರೆ ಆ ವಾರ ಟೆಂಟು ಖಾಲಿ. ಟೆಂಟಿನವರು ಅವರನ್ನು ಎಷ್ಟು ಬೈದರೋ ಏನೋ, ಮಾವ ಮಾತ್ರ ಬಗ್ಗಲಿಲ್ಲ.

ಅರವತ್ತರ ದಶಕದ ಒಂದು ಚುನಾವಣೆ. ನಮ್ಮ ಬೀದಿಗೆ ನೀರೆಂದರೆ ಇದ್ದದ್ದು ಒಂದೇ ಮೆಟ್ಟಿಲು ಬಾವಿ. ಅದರಲ್ಲೇ ಬಟ್ಟೆ ಒಗೆತ, ಅದರಲ್ಲೇ ಕುಡಿಯುವ ನೀರು. ನಿಂತಿದ್ದ ಒಬ್ಬ ಅಭ್ಯರ್ಥಿ, ಬೀದಿಗೆ ನಲ್ಲಿ ಹಾಕಿಸುತ್ತೇನೆಂದರು. ಇಂಥ ಮಾತು ಕೇಳಿ ಕೇಳಿ ನಮ್ಮವರ ಕಿವಿ ತೂತಾಗಿತ್ತು, ಯಾರೂ ನಂಬಲಿಲ್ಲ. ಆಗ ಒಂದು ದಿನ ಲಾರಿ ತುಂಬ ಪೈಪು ಬಂದು ಬೀದಿಯ ಕೊನೆಯಲ್ಲಿ ಇಳಿಯಿತು. ಮಾವ ಹೋಗಿ ಒಂದೊಂದನ್ನೂ ಕೈಯಿಂದ ತಟ್ಟಿ ನೋಡಿ ಬಂದರು. ಮಾರನೆಯ ದಿನ ತುತ್ತೂರಿಯಲ್ಲಿ ಅವರ ಧ್ವನಿ ಯಾವತ್ತೂ ಇಲ್ಲದ ಹಿಗ್ಗಿನಿಂದ ಕೇಳಿತು: "ಪೈಪು ಬಂದದೆ, ನಾನೇ ಕಣ್ಣಾರೆ ನೋಡಿದೀನಿ. ತಪ್ಪದೆ ಬಂದು ವೋಟಾಕಿ."

ಇಡೀ ಬೀದಿ ಹೋಗಿ ವೋಟು ಹಾಕಿತು. ಆ ಅಭ್ಯರ್ಥಿ ಗೆದ್ದರು. ಎಣಿಕೆ ಮುಗಿದ ಮೇಲೆ ಅದೇ ಲಾರಿ ಬಂದು ಪೈಪುಗಳನ್ನೆಲ್ಲ ತುಂಬಿಕೊಂಡು ಹೊರಟಿತು.

ಮಾವ ಜಟಕಾ ಕಟ್ಟಿಕೊಂಡು ತುಮಕೂರಿನವರೆಗೆ ಹೋದರಂತೆ. ಗೆದ್ದವರ ಮನೆಯ ಜಗಲಿಯ ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂರಿಸಿ, ಇನ್ನೂ ಸರ್ವೆ ಆಗಬೇಕು ಎಂದು ಕಾಫಿ ಕೊಟ್ಟು ಕಳಿಸಿದರಂತೆ. ಆ ಪೈಪುಗಳನ್ನು ಗುಬ್ಬಿಯ ಕಡೆ ಯಾವುದೋ ಬೀದಿಯಲ್ಲಿ ನೋಡಿದೆವು ಎಂದು ಆಮೇಲೆ ಯಾರೋ ಹೇಳಿದರು. ನಿಜವೋ ಸುಳ್ಳೋ... ನಮ್ಮ ಬೀದಿಗಂತೂ ಬರಲಿಲ್ಲ.

ಗೆದ್ದವರು ಕೈಗೆ ಸಿಗುವವರಲ್ಲ, ಸಿಗುತ್ತಿದ್ದವರು ಮಾವ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಅವರು ಎದುರಾದಾಗಲೆಲ್ಲ ಏನ್ಲಾ ಪೈಪು, ನೀರು ಬಂತಾ ಎಂದು ಹಂಗಿಸುವುದೇ ಎಲ್ಲರ ಕೆಲಸವಾಯಿತು. ಮಾವ ತಲೆ ತಗ್ಗಿಸಿ ಕುದುರೆಯ ಲಗಾಮು ಹಿಡಿದು ಹೋಗುತ್ತಿದ್ದರು.

ಮುಂದಿನ ಬೇಸಿಗೆಯಲ್ಲಿ ಬಾವಿಯ ತಳ ಕಾಣುವಂತಾದಾಗ ಕಾಲರಾ ಬಂತು. ಸರ್ಕಾರಿ ಡಾಕ್ಟರು ಮಾವನನ್ನು ಕರೆಸಿ, ಬಾವಿ ನೀರನ್ನು ಕುದಿಸದೆ ಕುಡಿಯಬೇಡಿ, ಸ್ಕೂಲಿನ ಹತ್ತಿರ ಬಂದು ಇಂಜೆಕ್ಷನ್ ಹಾಕಿಸಿಕೊಳ್ಳಿ ಎಂದು ಸಾರಲು ಹೇಳಿದರು. ಮಾವ ಸಾರಿದರು. ಜನ ನಕ್ಕರು. ಇದೂ ಪೈಪಿನ ಕತೆಯೇ ಬುಡು ಎಂದರು. ಸರ್ಕಾರದವರು ಸೂಜಿ ಚುಚ್ಚಿ ಏನೋ ಮಾಡುತ್ತಾರೆ ಎಂದೂ ಗುಸುಗುಸು ಎದ್ದಿತು.

ಆಗ ಮಾವ ತುತ್ತೂರಿಯನ್ನು ಪಕ್ಕಕ್ಕಿಟ್ಟು ಮನೆ ಮನೆಯ ಬಾಗಿಲಿಗೆ ಬಂದರು. ನಮ್ಮ ಮನೆಗೂ ಬಂದರು. ಅಮ್ಮ ನನ್ನ ಪುಟ್ಟ ತಮ್ಮನನ್ನು ಸೊಂಟದಲ್ಲಿ ಎತ್ತಿಕೊಂಡು ಹೊಸಿಲ ಮೇಲೆ ನಿಂತಿದ್ದಳು.

"ಅವತ್ತು ಕಣ್ಣಾರೆ ನೋಡಿದೀನಿ ಅಂದ್ರಲ್ಲ ಅಣ್ಣಯ್ಯ, ಇವತ್ತು ನೀರಲ್ಲಿ ಏನ್ ನೋಡಿದ್ರಿ?" ಎಂದು ಕೇಳಿದಳು.

ಹುಳ ಹರಿದಾಡುತ್ತಿತ್ತು ಎಂದು ಒಂದು ಸುಳ್ಳು ಹೇಳಿದ್ದರೆ ಅಮ್ಮ ಹೆದರುತ್ತಿದ್ದಳು. ಮಾವನಿಗೆ ಅದು ಆಗಲಿಲ್ಲ.

"ನಾನೇನೂ ನೋಡಿಲ್ಲ ಕಣವ್ವ. ಡಾಕ್ಟ್ರು ಹೇಳವ್ರೆ, ನಾನು ಹೇಳ್ತಾ ಇದೀನಿ. ನನ್ ಮ್ಯಾಲಿನ ಸಿಟ್ಟಿಗೆ ಮಗೀಗೆ ಆ ನೀರು ಕುಡಿಸ್ಬ್ಯಾಡ ತಂಗ್ಯವ್ವ."

ಅಮ್ಮ ಬಾಗಿಲು ಹಾಕಿಕೊಂಡಳು.

ಆ ವಾರ ಕಳೆಯುವುದರೊಳಗೆ ತಮ್ಮನಿಗೆ ವಾಂತಿಭೇದಿ ಹತ್ತಿಕೊಂಡಿತು. ಆಸ್ಪತ್ರೆಗೆ ಒಯ್ದದ್ದು ಮಾವನ ಜಟಕಾದಲ್ಲೇ. ಅಷ್ಟು ಮುದ್ದಿನ ಕುದುರೆಗೆ ಮಾವ ಚಾಟಿಯಲ್ಲಿ ಹೊಡೆದದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ. ಮಗುವನ್ನು ವಾಪಸು ತಂದದ್ದೂ ಅದೇ ಜಟಕಾದಲ್ಲಿ, ನಿಧಾನವಾಗಿ... ಅಮ್ಮನ ಮಡಿಲಿನಲ್ಲಿ ಅವನ ಮುಖಕ್ಕೆ ಸೆರಗು ಮುಚ್ಚಿತ್ತು.

ಮಾವ ಮತ್ತೆ ಸಾರಲಿಲ್ಲ. ಆ ವರ್ಷವೇ ಕುದುರೆಯನ್ನು ಮಾರಿ, ಹುಲಿಯೂರುದುರ್ಗದ ಮಗಳ ಮನೆ ಸೇರಿಕೊಂಡರು. ಅಮ್ಮ ಅವರನ್ನು ಕಳಿಸಿಕೊಡಲು ಹೊರಗೆ ಬರಲಿಲ್ಲ. ಅವರು ತೀರಿಕೊಂಡ ಸುದ್ದಿ ಬಂದಾಗಲೂ ಹೋಗಲಿಲ್ಲ. ನನ್ನ ಮಗನಿಗೆ ಮಣ್ಣು ಹಾಕಿದವನು ಎಂದೇ ಕೊನೆಯವರೆಗೂ ಅನ್ನುತ್ತಿದ್ದಳು. ಪೈಪು ಒಯ್ದ ಪುಣ್ಯಾತ್ಮರು ಮುಂದಿನ ಚುನಾವಣೆಗೆ ಬಂದು, ವಿಷಯ ಈಗಷ್ಟೇ ತಿಳಿಯಿತು ತಾಯಿ ಎಂದು ನಮ್ಮ ಬಾಗಿಲಲ್ಲಿ ಕಣ್ಣೊರೆಸಿಕೊಂಡರು. ಅಮ್ಮ ಅವರಿಗೆ ಮಜ್ಜಿಗೆ ಕೊಟ್ಟಳು. ವೋಟನ್ನೂ ಕೊಟ್ಟಳು.

ಅಮ್ಮನ ಈ ನ್ಯಾಯ ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಆದರೆ ಈಗ ನಾನಿರುವ ತುಮಕೂರಿನ ಮನೆಯ ಗೇಟಿಗೆ ಕಳೆದ ಚುನಾವಣೆಯಲ್ಲಿ ಒಬ್ಬ ಹೆಂಗಸು ಬಿಸಿಲಲ್ಲಿ ಬೆವರುತ್ತ ಬಂದು ಕರಪತ್ರ ಕೊಟ್ಟಳು. ಯಾರದೋ ಕೂಲಿಗೆ ಬಂದವಳು. ಸುಳ್ಳು ಹಂಚೋಕೆ ನಾಚಿಕೆ ಆಗಲ್ವಾ ಎಂದು ಅವಳ ಮೇಲೆ ರೇಗಿಬಿಟ್ಟೆ. ಅವಳ ಹಿಂದೆಯೇ ಅಭ್ಯರ್ಥಿ ಬಂದು ನಗುತ್ತ ಕೈಮುಗಿದರು. ನಾನೂ ಕೈಮುಗಿದೆ, ಒಳಗೆ ಬನ್ನಿ ಎಂದೆ.

ಹೆಂಗಸು ತಲೆ ತಗ್ಗಿಸಿ ಪಕ್ಕದ ಮನೆಗೆ ಹೋದಳು.