ಕೋಳಿಗೆ ತಂದ ಜೀರಿಗೆ

ಐವತ್ತು ದಾಟಿದ ಮೇಲೂ, ಅಂಗಡಿಯಲ್ಲಿ ಕೇಳಬೇಕಾದ್ದನ್ನು ದಾರಿಯಲ್ಲೇ ನಾಲ್ಕು ಸಲ ಬಾಯಿಪಾಠ ಮಾಡುವವನು ನಾನು. ಮನೆಯವರು ನಗುತ್ತಾರೆ. ಇದಕ್ಕೆಲ್ಲ ಕಾರಣ ಒಂದು ಜೀರಿಗೆ ಪೊಟ್ಟಣವೆಂದು ಅವರಿಗೆ ಹೇಳಿಲ್ಲ.

ಅರವತ್ತರ ದಶಕದ ಕೊನೆ. ಈಗ ಬ್ರಾಯ್ಲರ್ ಎನ್ನುವ ಮಾಂಸದ ಕೋಳಿಗೆ ತಮಿಳುನಾಡಿನ ಕಂಬಂ ಪೇಟೆ ಪಕ್ಕದ ನಮ್ಮೂರು ಕಾಮಯಗೌಂಡನ್‌ಪಟ್ಟಿಯಲ್ಲಿ ಆಗ ‘ಸರ್ಕಾರಿ ಕೋಳಿ’ ಎಂದೇ ಹೆಸರು. ನಮ್ಮ ಅತ್ತಿಗೆ (ತಮಿಳರಂತೆ ನಾವೂ ‘ಅಣ್ಣಿ’ ಎನ್ನುತ್ತಿದ್ದೆವು) ಮೂವತ್ತು ಬಿಳಿ ಮರಿಗಳನ್ನು ತಂದು ದ್ರಾಕ್ಷಿ ತೋಟದ ಪಕ್ಕದ ಕೊಟ್ಟಿಗೆಯಲ್ಲಿ ಬಿಟ್ಟಿದ್ದರು. ಅಮ್ಮನ ಕರಾರು ಒಂದೇ: ಮರಿಗಳು ಉಳಿದರೆ ಕೊಟ್ಟಿಗೆ ಅಣ್ಣಿಗೆ, ಇಲ್ಲದಿದ್ದರೆ ಮತ್ತೆ ಎತ್ತುಗಳಿಗೆ. ಆ ಮನೆಯಲ್ಲಿ ತಮ್ಮದೆನ್ನಲು ಅಣ್ಣಿಗೆ ಬೇರೊಂದು ಮೂಲೆಯೂ ಇರಲಿಲ್ಲ.

ಮೂರನೇ ವಾರ ಮರಿಗಳು ರೆಕ್ಕೆ ಇಳಿಬಿಟ್ಟು ಭೇದಿ ಮಾಡತೊಡಗಿದವು.

“ತಂಬಿ, ಕಂಬಂಗೆ ಓಗಿ ಮೆಂತ್ಯ, ಓಮ, ಕರಿಜೀರ್ಗೆ ತತ್ತಾ. ಪುಡಿ ಮಾಡಿ ಸಜ್ಜೆ ನುಚ್ಚಿಗೆ ಕಲಸಿ ಆಕಾಣ. ನಮ್ಮವ್ವ ಅದನ್ನೇ ಆಕ್ತಿದ್ಲು. ಕರಿಜೀರ್ಗೆ ಮರೀಬ್ಯಾಡ, ಅದೇ ಮುಖ್ಯ,” ಎಂದರು ಅಣ್ಣಿ.

ನಮ್ಮ ಮನೆಮಾತಿನಲ್ಲಿ ಕರಿ ಎಂದರೆ ಕಪ್ಪು. ತಮಿಳರ ಕಿವಿಗೆ ಅದು ಮಾಂಸ. ಕಪ್ಪು ಜೀರಿಗೆಗೆ ಅವರು ‘ಕರುಂಜೀರಗಂ’ ಎನ್ನುತ್ತಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಂಗಡಿಯಲ್ಲಿ ನಾಲ್ಕು ಜನ ತಿರುಗಿ ನೋಡಿದಾಗ ಮಾತ್ರ ಗೊತ್ತಿರಲಿಲ್ಲ.

“ಕರಿ ಜೀರಗಂ,” ಎಂದೆ.

“ಕರಿಕ್ಕಾ?” ಮಾಂಸಕ್ಕಾ ಎಂದು ಕೇಳಿದ ಅಂಗಡಿಯವ.

“ಕೋಳಿಕ್ಕು.” ಕೋಳಿಗೆ ಎಂದೆ. ಸುಳ್ಳೇನಲ್ಲವಲ್ಲ.

“ಅಪ್ಪಡಿ ಸೊಲ್ಲು! ವೀಟ್ಲ ವಿರುಂದಾ, ಮಾಪ್ಳೆ?”

ಹಾಗೆ ಹೇಳು, ಮನೆಯಲ್ಲಿ ಔತಣವಾ ಅಳಿಯಾ ಎಂದದ್ದಕ್ಕೆ ಎಲ್ಲರೂ ನಕ್ಕರು. ನಾನೂ ನಕ್ಕೆ. ಪೊಟ್ಟಣ ಕಟ್ಟುವಾಗಲೇ ಕಂಡಿತು, ಅದು ಅಡುಗೆಯ ಜೀರಿಗೆ. ಬಾಯಿ ಬಿಡಬೇಕಿತ್ತು. ಮುಚ್ಚಿಕೊಂಡು ಬಂದೆ.

ಬಣ್ಣ ಕಾಣದಿರಲೆಂದು ಗಿರಣಿಯಲ್ಲಿ ಮೂರನ್ನೂ ಸೇರಿಸಿ ಪುಡಿ ಮಾಡಿಸಿದೆ. ವಾಸನೆ ಹೆಚ್ಚಾದೀತೆಂಬ ಭಯಕ್ಕೆ ಜೀರಿಗೆ ಅರ್ಧ ಉಳಿಸಿ ಅಂಗಿ ಜೇಬಿಗೆ ತುರುಕಿದೆ.

ಅಣ್ಣಿ ಮೂಸಿ ನೋಡಿದರು. “ಏನ್ ತಂಬಿ, ರಸದ ವಾಸ್ನೆ ಒಡೀತೈತೆ?”

“ಓಮದ್ದು ಅಣ್ಣಿ. ಗಿರಣೀಲಿ ಬಿಸಿಯಾಗೈತೆ.”

ಓದಿದವನ ಮಾತೆಂದು ನಂಬಿದರು.

ನಾಲ್ಕೇ ದಿನ. ಕೊನೆಯ ಮರಿಯನ್ನು ಅಣ್ಣಿ ಮಡಿಲಲ್ಲಿಟ್ಟುಕೊಂಡೇ ಕೂತಿದ್ದರು. ಕರಿಜೀರಿಗೆ ಹಾಕಿದ್ದರೆ ಉಳಿಯುತ್ತಿದ್ದವೋ ಇಲ್ಲವೋ, ಇಂದಿಗೂ ಗೊತ್ತಿಲ್ಲ; ಆ ಅನುಮಾನವನ್ನೇ ಹೊದ್ದುಕೊಂಡು ಎಷ್ಟೋ ವರ್ಷ ಬೆಚ್ಚಗಿದ್ದೆ.

“ಇವಳ ಕೈಗುಣವೇ ಇಷ್ಟು. ಕೋಳಿ ಸಾಕ್ತಾಳಂತೆ, ಕೋಳಿ!” ಎಂದು ಅಮ್ಮ ಎತ್ತುಗಳನ್ನು ಕೊಟ್ಟಿಗೆಗೆ ಹೊಡೆಸಿದರು. ಅಣ್ಣಿ ತಮ್ಮ ಅಂಗೈ ನೋಡಿಕೊಂಡರು. ನಾನು ಅಲ್ಲೇ ಕಂಬಕ್ಕೊರಗಿ ನಿಂತಿದ್ದೆ.

ಮರುದಿನ ನನ್ನ ಅಂಗಿ ಒಗೆದವರು ಅಣ್ಣಿ. ಮಧ್ಯಾಹ್ನ ಎಲ್ಲರೂ ಉಣ್ಣಲು ಕೂತಾಗ ಮೊದಲು ನನಗೇ ರಸ ಬಡಿಸಿದರು.

“ಎಂಗೈತೆ ತಂಬಿ?”

“ಚೆಂದಾಗೈತೆ ಅಣ್ಣಿ.”

“ಇರ್ಬೇಕಲ್ಲ. ನೀನು ತಂದ ಕರಿಜೀರ್ಗೇದು.”

“ರಸಕ್ಕೆ ಯಾರಾದ್ರೂ ಕರಿಜೀರ್ಗೆ ಆಕ್ತಾರೇನೇ?” ಏನೂ ತಿಳಿಯದ ಅಮ್ಮ ಅಣ್ಣಿಯನ್ನೇ ಗದರಿದರು.

ಅಣ್ಣಿ ಸೌಟು ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತ ನಿಂತರು. ಕಾದರು.

“ಇನ್ನೊಂದು ಸೌಟು ಆಕಿ ಅಣ್ಣಿ,” ಎಂದೆ.